ಕೆರೆ ತುಂಬಿದೆ, ತೂಬು ಮುಚ್ಚಿದೆ
ಮಿದುಳಿನೊಳಗಿನ ಬಿ1 ವಿಟಮಿನ್ ಮತ್ತು ವಂಶದಲ್ಲಿ ಬರುವ ಚಲನೆಯ ಕಾಯಿಲೆಗಳು



ಓದುವ ಮೊದಲು ಒಂದು ಚಿಕ್ಕ ಕೆಲಸ ಮಾಡಿ. ಪೆನ್ನು ತೆಗೆದುಕೊಂಡು ನಿಮ್ಮ ಹೆಸರನ್ನು ಒಮ್ಮೆ ಬರೆಯಿರಿ. ಬರೆದಿರಾ? ಎಷ್ಟು ಸುಲಭ, ಅಲ್ವಾ! ಆದರೆ ಅಷ್ಟು ಬರೆಯುವುದಕ್ಕೆ ನಿಮ್ಮ ಕೈಯ ಹತ್ತಾರು ಸ್ನಾಯುಗಳು ಹದವಾಗಿ ಎಳೆದವು, ಸಡಿಲವಾದವು. ಬೇಕಾದ ಬೆರಳು ಅಲ್ಲಾಡಿತು, ಬೇಡದ್ದು ಸುಮ್ಮನಿತ್ತು. ಭುಜ ಕುಣಿಯಲಿಲ್ಲ, ಕತ್ತು ತಿರುಗಲಿಲ್ಲ, ನಾಲಗೆ ಹೊರಗೆ ಬರಲಿಲ್ಲ. ಒಂದನೇ ಕ್ಲಾಸಿನಲ್ಲಿ ನೀವು ಬರೆಯಲು ಕಲಿಯುವಾಗ ನಾಲಗೆಯೂ ಹೊರಗೆ ಬರುತ್ತಿತ್ತು, ನೆನಪಿದೆಯಾ?

ಬೇಕಾದ ಚಲನೆಯನ್ನು ಬಿಡುವುದು, ಬೇಡದ ಚಲನೆಯನ್ನು ತಡೆಯುವುದು: ಈ ಕೆಲಸವನ್ನು ಮಾಡುವ ಭಾಗ ನಮ್ಮ ಮಿದುಳಿನ ಆಳದಲ್ಲಿದೆ. ಅದರ ಹೆಸರು ಬೇಸಲ್ ಗ್ಯಾಂಗ್ಲಿಯಾ. ಅದರೊಳಗೆ ಸ್ಟ್ರಯೇಟಮ್ ಎಂಬ ಒಂದು ಭಾಗವಿದೆ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಕತೆ ಸುತ್ತಿ ಸುತ್ತಿ ಅಲ್ಲಿಗೇ ಬರುತ್ತದೆ.

ಸ್ಟ್ರಯೇಟಮ್ ಕೆಟ್ಟರೆ ಏನಾಗುತ್ತದೆ? ಕೈಕಾಲುಗಳು ತಾವಾಗಿಯೇ ಅಲ್ಲಾಡುತ್ತವೆ, ಅಥವಾ ಸೆಟೆದುಕೊಳ್ಳುತ್ತವೆ. ಮಾತು ತೊದಲುತ್ತದೆ. ನುಂಗುವುದು ಕಷ್ಟವಾಗುತ್ತದೆ. ನಡಿಗೆ ತೂರಾಡುತ್ತದೆ. ಇಂತಹ ಕೆಲವು ಕಾಯಿಲೆಗಳು ತಂದೆ ತಾಯಿಯಿಂದ ಮಕ್ಕಳಿಗೆ ಜೀನ್‌ಗಳ ಮೂಲಕ ಬರುತ್ತವೆ. "ಜೀನ್‌ನಲ್ಲೇ ಬಂದ ಮೇಲೆ ಮುಗಿಯಿತು, ಹಣೆಬರಹ" ಎಂದು ಹೇಳುವವರು ನಮ್ಮಲ್ಲಿ ಬಹಳ ಜನ. ಆ ಮಾತು ಪೂರ್ತಿ ನಿಜವೇ? ಅಕ್ಕಿಯ ತೌಡಿನಲ್ಲಿರುವ ಒಂದು ಸಾಮಾನ್ಯ ವಿಟಮಿನ್ ಈ ಪ್ರಶ್ನೆಗೆ ಹೇಗೆ ಉತ್ತರ ಕೊಡುತ್ತಿದೆ ಎಂದು ನೋಡೋಣ.

ಕೋಳಿಗಳು ಕಲಿಸಿದ ಪಾಠ

ಬೆರಿಬೆರಿ ಎಂಬ ಕಾಯಿಲೆಯ ಹೆಸರನ್ನು ನೀವು ಪಾಠದಲ್ಲಿ ಓದಿರುತ್ತೀರಿ. ಕಾಲು ಜೋಮು ಹಿಡಿದು ಸೋಲುತ್ತದೆ, ನಡೆಯಲಾಗುವುದಿಲ್ಲ, ಕೊನೆಗೆ ಹೃದಯವೇ ಸೋಲಬಹುದು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಕ್ಕಿ ಉಣ್ಣುವ ಏಷ್ಯಾದ ನಾಡುಗಳಲ್ಲಿ ಇದು ಸೈನಿಕರನ್ನೂ ಕೈದಿಗಳನ್ನೂ ಹಡಗಿನ ಕೂಲಿಗಳನ್ನೂ ಕೊಲ್ಲುತ್ತಿತ್ತು. ರೋಗಾಣುವಿನಿಂದ ಬರುವ ಕಾಯಿಲೆ ಎಂದೇ ಹಲವು ವೈದ್ಯರು ನಂಬಿದ್ದರು.

ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಆ ರೋಗಾಣುವನ್ನು ಹುಡುಕುತ್ತಾ ಜಾವಾ ದ್ವೀಪದ ಬಟೇವಿಯಾದಲ್ಲಿ, ಅಂದರೆ ಇಂದಿನ ಜಕಾರ್ತಾದಲ್ಲಿ, ಕೆಲಸ ಮಾಡುತ್ತಿದ್ದರು. ಅವರ ಪ್ರಯೋಗಾಲಯದ ಕೋಳಿಗಳಿಗೆ ಒಮ್ಮೆ ಬೆರಿಬೆರಿಯಂತಹದೇ ಕಾಯಿಲೆ ಬಂತು. ಕಾಲು ಸೋತು ಬಿದ್ದವು. ಕೆಲವು ತಿಂಗಳ ನಂತರ ತಾವಾಗಿಯೇ ಗುಣವಾದವು! ಯಾಕೆ ಎಂದು ವಿಚಾರಿಸಿದರೆ ಕಾರಣ ಅಡುಗೆಮನೆಯಲ್ಲಿತ್ತು. ನಡುವೆ ಕೆಲವು ಕಾಲ ಕೋಳಿಗಳಿಗೆ ಆಸ್ಪತ್ರೆಯಲ್ಲಿ ಉಳಿದ ಪಾಲಿಷ್ ಮಾಡಿದ ಬಿಳಿ ಅನ್ನ ಹಾಕಿದ್ದರು. ಹೊಸ ಅಡುಗೆಯವನು ಬಂದು "ಸೈನಿಕರ ಅನ್ನ ಕೋಳಿಗೆ ಯಾಕೆ?" ಎಂದು ನಿಲ್ಲಿಸಿದ. ಮತ್ತೆ ತೌಡು ಇದ್ದ ಅಕ್ಕಿ ಸಿಕ್ಕಿತು, ಕೋಳಿಗಳು ಎದ್ದು ಓಡಾಡಿದವು.

ತೌಡಿನಲ್ಲಿದ್ದ ಆ ವಸ್ತುವನ್ನು 1926ರಲ್ಲಿ ಯಾನ್ಸೆನ್ ಮತ್ತು ಡೊನಾಥ್ ಎಂಬ ವಿಜ್ಞಾನಿಗಳು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದೇ ಥಯಾಮಿನ್, ಬಿ1 ವಿಟಮಿನ್. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ನೀಲಗಿರಿಯಲ್ಲಿ ಓದುತ್ತಿರುವ ಮಕ್ಕಳೇ, ಈ ಕತೆಯಲ್ಲಿ ನಿಮ್ಮ ಜಿಲ್ಲೆಗೂ ಪಾಲಿದೆ. 1918ರಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯ ಒಂದೇ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯರು ಬೆರಿಬೆರಿಯ ಬಗ್ಗೆ ಸಂಶೋಧನೆ ಶುರು ಮಾಡಿದರು. ಆ ಕೋಣೆ ಬೆಳೆದು ದೊಡ್ಡ ಪ್ರಯೋಗಾಲಯವಾಯಿತು, 1958ರಲ್ಲಿ ಹೈದರಾಬಾದಿಗೆ ಹೋಯಿತು. ಇವತ್ತಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಅದೇ. ನಮ್ಮ ದೇಶದಲ್ಲಿ ಯಾವ ಆಹಾರದಲ್ಲಿ ಏನಿದೆ ಎಂದು ಲೆಕ್ಕ ಇಟ್ಟವರು ಇವರು.

ಆಗ ಬೆರಿಬೆರಿ ಆಂಧ್ರ ಕರಾವಳಿಯ ಉತ್ತರ ಜಿಲ್ಲೆಗಳಲ್ಲಿ ಹೆಚ್ಚು ಕಾಣುತ್ತಿತ್ತು. ಅಲ್ಲಿಯವರು ಮಿಲ್ಲಿನ ಬೆಳ್ಳನೆಯ ಅಕ್ಕಿ ಉಣ್ಣುತ್ತಿದ್ದರು. ಕುಚ್ಚಲಕ್ಕಿ ಉಣ್ಣುವ ಕಡೆ ಈ ಕಾಯಿಲೆ ಅಪರೂಪ. ಯಾಕೆ ಗೊತ್ತಾ? ಕಾಸರಗೋಡಿನ ಮಕ್ಕಳು ಮನೆಯಲ್ಲಿ ಅಜ್ಜಿಯನ್ನು ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಭತ್ತವನ್ನು ಸಿಪ್ಪೆಯ ಸಮೇತ ನೆನೆಸಿ, ಬೇಯಿಸಿ, ಒಣಗಿಸಿ ಆಮೇಲೆ ಕುಟ್ಟುವುದು ಕುಚ್ಚಲಕ್ಕಿ ಮಾಡುವ ಕ್ರಮ. ಹಾಗೆ ಬೇಯುವಾಗ ತೌಡಿನ ಪದರದಲ್ಲಿರುವ ಥಯಾಮಿನ್ ಅಕ್ಕಿ ಕಾಳಿನ ಒಳಗೆ ಇಳಿಯುತ್ತದೆ. ಆಮೇಲೆ ತೌಡು ಹೋದರೂ ವಿಟಮಿನ್ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಯಲ್ಲಿ ಹಾಗಲ್ಲ, ಪಾಲಿಷ್ ಹೆಚ್ಚಾದಷ್ಟೂ ಥಯಾಮಿನ್ ತೌಡಿನ ಜೊತೆ ಹೊರಟುಹೋಗುತ್ತದೆ. ಇದು ನೀರಿನಲ್ಲಿ ಕರಗುವ ವಿಟಮಿನ್ ಆದ್ದರಿಂದ ಅಕ್ಕಿಯನ್ನು ಉಜ್ಜಿ ಉಜ್ಜಿ ತೊಳೆದರೂ, ಗಂಜಿ ತಿಳಿಯನ್ನು ಬಸಿದು ಚೆಲ್ಲಿದರೂ ನಷ್ಟ.

ಥಯಾಮಿನ್ ಮಾಡುವ ಕೆಲಸ

ನಾವು ಉಂಡ ಅನ್ನ, ರೊಟ್ಟಿ, ಮುದ್ದೆ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿ ಜೀವಕೋಶವನ್ನು ಸೇರುತ್ತವೆ. ಕೋಶದೊಳಗೆ ಗ್ಲೂಕೋಸ್ ಒಡೆದು ಶಕ್ತಿ ಬರಬೇಕು. ಮೈಟೋಕಾಂಡ್ರಿಯಾದಲ್ಲಿ ನಡೆಯುವ ಈ ಕೆಲಸದ ಮುಖ್ಯ ಹಂತಗಳಲ್ಲಿ ಕಿಣ್ವಗಳಿಗೆ ಒಬ್ಬ ಸಹಾಯಕ ಬೇಕು. ಥಯಾಮಿನ್ ಕೋಶದೊಳಗೆ ಹೋಗಿ ಥಯಾಮಿನ್ ಪೈರೋಫಾಸ್ಫೇಟ್ ಎಂಬ ರೂಪ ಪಡೆದು ಆ ಸಹಾಯಕನಾಗುತ್ತದೆ. ಅದಿಲ್ಲದಿದ್ದರೆ ಒಲೆಯಲ್ಲಿ ಸೌದೆ ತುಂಬಿದೆ, ಕಡ್ಡಿ ಗೀರುವವರಿಲ್ಲ ಎಂಬಂತೆ.

ಇಲ್ಲಿ ಮೊದಲು ಕಷ್ಟಕ್ಕೆ ಬೀಳುವುದು ಮಿದುಳು. ದೇಹದ ತೂಕದಲ್ಲಿ ಅದರ ಪಾಲು ಶೇಕಡಾ 2ರಷ್ಟು, ಆದರೆ ದೇಹ ಬಳಸುವ ಶಕ್ತಿಯಲ್ಲಿ ಶೇಕಡಾ 20ರಷ್ಟು ಅದಕ್ಕೇ ಬೇಕು. ಥಯಾಮಿನ್ ಅನ್ನು ದೇಹ ಹೆಚ್ಚು ಕೂಡಿಡುವುದೂ ಇಲ್ಲ. ದೊಡ್ಡವರ ದೇಹದಲ್ಲಿ ಇರುವುದೇ 30 ಮಿಲಿಗ್ರಾಂ ಆಸುಪಾಸು. ದಿನಕ್ಕೆ ಸುಮಾರು ಒಂದು ಮಿಲಿಗ್ರಾಂನಿಂದ ಒಂದೂಕಾಲು ಮಿಲಿಗ್ರಾಂ ಸಾಕು, ಆದರೆ ತಪ್ಪದೆ ಬರುತ್ತಿರಬೇಕು.

ಇಲ್ಲಿಯವರೆಗೆ ನಾವು ಹೇಳಿದ್ದು ಊಟದಲ್ಲಿ ವಿಟಮಿನ್ ಇಲ್ಲದಿದ್ದರೆ ಏನಾಗುತ್ತದೆ ಎಂದು. ಈಗ ಬೇರೊಂದು ಪ್ರಶ್ನೆ. ಊಟದಲ್ಲಿ ವಿಟಮಿನ್ ಚೆನ್ನಾಗಿದೆ, ರಕ್ತದಲ್ಲೂ ಇದೆ. ಆದರೂ ಮಿದುಳಿಗೆ ಸಿಗದಿದ್ದರೆ?

ಜ್ವರದ ನಂತರ ಸೆಟೆದ ಮಕ್ಕಳು

1998ರಲ್ಲಿ ಸೌದಿ ಅರೇಬಿಯಾದ ವೈದ್ಯರು ಹತ್ತು ರೋಗಿಗಳ ಬಗ್ಗೆ ಒಂದು ವರದಿ ಪ್ರಕಟಿಸಿದರು. ಅಲ್ಲಿಯವರೆಗೆ ಯಾವ ಪುಸ್ತಕದಲ್ಲೂ ಇಲ್ಲದ ಕಾಯಿಲೆ. ಆಡಿಕೊಂಡಿದ್ದ ಮಗುವಿಗೆ ಸಾಮಾನ್ಯ ಜ್ವರವೋ ಸಣ್ಣ ಪೆಟ್ಟೋ ಆಗುತ್ತದೆ. ಅದರ ಬೆನ್ನಿಗೇ ಮಂಕು ಕವಿಯುತ್ತದೆ, ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಮರದಂತೆ ಸೆಟೆಯುತ್ತವೆ. ಸ್ಕ್ಯಾನ್ ಮಾಡಿದರೆ ಮಿದುಳಿನ ಎರಡೂ ಬದಿಯಲ್ಲಿ ಬೇಸಲ್ ಗ್ಯಾಂಗ್ಲಿಯಾಕ್ಕೆ ಹಾನಿ ಕಾಣುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು.

ವೈದ್ಯರು ಬಯೋಟಿನ್ ಎಂಬ ಇನ್ನೊಂದು ಬಿ ವಿಟಮಿನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟು ನೋಡಿದರು. ಬೇಗ ಕೊಟ್ಟಾಗ ಕೆಲವೇ ದಿನಗಳಲ್ಲಿ ಮಕ್ಕಳು ಚೇತರಿಸಿಕೊಂಡರು! ನಿಲ್ಲಿಸಿದರೆ ಕಾಯಿಲೆ ಮರಳುತ್ತಿತ್ತು.

ಕಾರಣ ತಿಳಿದದ್ದು 2005ರಲ್ಲಿ. ಈ ಮಕ್ಕಳಲ್ಲಿ ಎಸ್‌ಎಲ್‌ಸಿ19ಎ3 ಎಂಬ ಜೀನ್‌ನಲ್ಲಿ ದೋಷವಿತ್ತು. ಹೆಸರು ಉದ್ದವಾಯಿತು, ಬಾಯಿಪಾಠ ಮಾಡುವುದು ಬೇಡ. ಕೆಲಸ ತಿಳಿದರೆ ಸಾಕು. ಥಯಾಮಿನ್ ತಾನಾಗಿ ಕೋಶದೊಳಗೆ ಸುಲಭವಾಗಿ ನುಗ್ಗಲಾರದು. ಅದನ್ನು ಒಳಗೆ ದಾಟಿಸುವ ಸಾಗಣೆ ಪ್ರೋಟೀನ್‌ಗಳಿವೆ. ಅವುಗಳಲ್ಲಿ ಒಂದನ್ನು ತಯಾರಿಸುವುದು ಈ ಜೀನ್.

ನಿಮ್ಮೂರಿನ ಕೆರೆಯನ್ನು ನೆನೆಸಿಕೊಳ್ಳಿ. ಮಳೆ ಬಂದು ಕೆರೆ ತುಂಬಿದೆ. ಆದರೆ ತೂಬು ಮುಚ್ಚಿಕೊಂಡಿದೆ. ಏರಿಯ ಆಚೆ ನೀರು ತುಂಬಿ ತುಳುಕುತ್ತಿದ್ದರೂ ಈಚೆ ಗದ್ದೆಯ ಪೈರು ಬಾಡುತ್ತದೆ. ಈ ಮಕ್ಕಳ ರಕ್ತದಲ್ಲಿ ಥಯಾಮಿನ್ ಸರಿಯಾಗಿಯೇ ಇರಬಹುದು. ಆದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವನ್ನು ಪರೀಕ್ಷಿಸಿದರೆ ಅಲ್ಲಿ ಕಡಿಮೆ ಇರುತ್ತದೆ. ರಕ್ತ ಪರೀಕ್ಷೆ ಒಂದನ್ನೇ ನಂಬಿದ್ದರೆ "ಎಲ್ಲ ಸರಿಯಾಗಿದೆ" ಎಂದು ಮನೆಗೆ ಕಳಿಸಬೇಕಾಗುತ್ತಿತ್ತು.

ಹಾಗಾದರೆ ಜಾಸ್ತಿ ವಿಟಮಿನ್ ಕೊಟ್ಟರೆ ಪ್ರಯೋಜನವೇನು, ತೂಬೇ ಮುಚ್ಚಿದೆಯಲ್ಲ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ! ಕೆರೆ ಇನ್ನೂ ತುಂಬಿದರೆ ಏನಾಗುತ್ತದೆ? ಕೋಡಿ ಬೀಳುತ್ತದೆ. ತೂಬಿನಲ್ಲಿ ಬಾರದ ನೀರು ಕೋಡಿಯಲ್ಲಿ ಹರಿದು ಈಚೆ ಬರುತ್ತದೆ. ಥಯಾಮಿನ್ ಪ್ರಮಾಣ ಬಹಳ ಹೆಚ್ಚಾದಾಗ ಅದು ಬೇರೆ ದಾರಿಗಳಿಂದಲೂ ಕೋಶವನ್ನು ಸೇರುತ್ತದೆ. ಬಯೋಟಿನ್‌ನ ಪಾತ್ರ ಬೇರೆ. ಅದು ಈ ತೂಬಿನಲ್ಲಿ ಹರಿಯುವುದಿಲ್ಲ, ಆದರೆ ದೇಹದಲ್ಲಿ ಬಯೋಟಿನ್ ಕಡಿಮೆಯಾದಾಗ ಈ ಜೀನ್‌ನ ಕೆಲಸವೂ ಕುಗ್ಗುವುದು ಕಂಡುಬಂದಿದೆ. ಇವತ್ತು ವೈದ್ಯರು ಎರಡನ್ನೂ ಒಟ್ಟಿಗೆ ಕೊಡುತ್ತಾರೆ, ಜೀವನಪೂರ್ತಿ.

ಹತ್ತನೇ ತರಗತಿಯವರು ಗಮನಿಸಿ: ಇದು ದುರ್ಬಲ ಗುಣವಾಗಿ ಬರುವ ಕಾಯಿಲೆ. ತಾಯಿಯಿಂದ ಒಂದು, ತಂದೆಯಿಂದ ಒಂದು, ಎರಡೂ ಪ್ರತಿಗಳು ಕೆಟ್ಟಿದ್ದರೆ ಮಾತ್ರ ಕಾಯಿಲೆ. ಒಂದೇ ಕೆಟ್ಟ ಪ್ರತಿ ಇರುವ ತಂದೆ ತಾಯಿ ಆರೋಗ್ಯವಾಗಿಯೇ ಇರುತ್ತಾರೆ. ಅವರಿಗೆ ಹುಟ್ಟುವ ಪ್ರತಿಯೊಂದು ಮಗುವಿಗೂ ಈ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಅಪ್ಪನ ಗಾಡಿಯಲ್ಲಿ ಹೋಗುತ್ತಿದ್ದ ಹುಡುಗ

ಈಗ ಇನ್ನೊಂದು ಕಾಯಿಲೆಗೆ ಬರೋಣ. ಅಮೆರಿಕದ ಲಾಂಗ್ ಐಲೆಂಡ್‌ನಲ್ಲಿ ಜಾರ್ಜ್ ಹಂಟಿಂಗ್ಟನ್ ಎಂಬ ಹುಡುಗನಿದ್ದ. ಅಪ್ಪ ವೈದ್ಯರು, ಅಜ್ಜನೂ ವೈದ್ಯರು. ಅಪ್ಪ ರೋಗಿಗಳನ್ನು ನೋಡಲು ಹೊರಟಾಗ ಹುಡುಗನೂ ಜೊತೆಗೆ ಹೋಗುತ್ತಿದ್ದ. ಒಂದು ದಿನ ದಾರಿಯಲ್ಲಿ ತಾಯಿ ಮಗಳಿಬ್ಬರು ಎದುರಾದರು. ಇಬ್ಬರ ಮೈಯೂ ತಿರುಚುತ್ತಿತ್ತು, ಬಾಗುತ್ತಿತ್ತು, ಮುಖ ಸೊಟ್ಟಗಾಗುತ್ತಿತ್ತು. ಹುಡುಗನಿಗೆ ಆ ದೃಶ್ಯ ಮರೆಯಲಾಗಲಿಲ್ಲ. 1872ರಲ್ಲಿ, ತನ್ನ ಇಪ್ಪತ್ತೆರಡನೇ ವಯಸ್ಸಿಗೆ, ಅವನು ಈ ಕಾಯಿಲೆಯ ಬಗ್ಗೆ ಒಂದು ಪುಟ್ಟ ಪ್ರಬಂಧ ಬರೆದ. ಅಪ್ಪ, ಅಜ್ಜ ನೋಡಿದ್ದ ಅದೇ ಕುಟುಂಬಗಳ ವಿವರ ಅವನಿಗೆ ಸಹಾಯಕ್ಕೆ ಬಂತು. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರಬಹುದು, ಒಂದು ಮಗು ತಪ್ಪಿಸಿಕೊಂಡರೆ ಅದರ ಮಕ್ಕಳು ಮೊಮ್ಮಕ್ಕಳಿಗೆ ಬರುವುದಿಲ್ಲ ಎಂದು ಅವನು ಗುರುತಿಸಿದ್ದ. ಮೆಂಡೆಲ್‌ರ ಬಟಾಣಿ ಪ್ರಯೋಗ ಆಗಿನ್ನೂ ಜಗತ್ತಿನ ಗಮನಕ್ಕೇ ಬಂದಿರಲಿಲ್ಲ!

ಇದೇ ಹಂಟಿಂಗ್ಟನ್ ಕಾಯಿಲೆ. ಸಾಮಾನ್ಯವಾಗಿ 30ರಿಂದ 50 ವರ್ಷದ ನಡುವೆ ಶುರುವಾಗುತ್ತದೆ. ಮೈ ಕುಣಿದಂತೆ ಅಲ್ಲಾಡುತ್ತದೆ, ಸ್ವಭಾವ ಬದಲಾಗುತ್ತದೆ, ನೆನಪು ಮತ್ತು ಯೋಚನೆ ಕುಗ್ಗುತ್ತವೆ. ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಾ ಹೋಗುತ್ತದೆ. ಹೆಚ್ಚು ಹಾನಿಯಾಗುವ ಜಾಗ ಯಾವುದು ಗೊತ್ತೇ? ಅದೇ ಸ್ಟ್ರಯೇಟಮ್.

ಇದು ಪ್ರಬಲ ಗುಣವಾಗಿ ಬರುತ್ತದೆ. ಒಂದು ಪ್ರತಿ ಕೆಟ್ಟಿದ್ದರೂ ಸಾಕು. ಆದ್ದರಿಂದ ಪ್ರತಿ ಮಗುವಿಗೂ ಎರಡರಲ್ಲಿ ಒಂದು ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ.

ಅಮೆರಿಕದ ನ್ಯಾನ್ಸಿ ವೆಕ್ಸ್‌ಲರ್ ಅವರ ಬದುಕೇ ಇದಕ್ಕೆ ಉದಾಹರಣೆ. ಅವರ ತಾತನೂ ಮೂವರು ಸೋದರಮಾವಂದಿರೂ ಈ ಕಾಯಿಲೆಯಿಂದಲೇ ತೀರಿಕೊಂಡಿದ್ದರು. 1968ರಲ್ಲಿ ಅವರ ತಾಯಿ ರಸ್ತೆ ದಾಟುವಾಗ ತೂರಾಡಿದ್ದನ್ನು ಕಂಡು ಒಬ್ಬ ಪೊಲೀಸ್, ಬೆಳಿಗ್ಗೆಯೇ ಕುಡಿದು ಬಂದಿದ್ದೀರಾ ಎಂದು ಗದರಿಸಿದ. ಅವರು ಕುಡಿದಿರಲಿಲ್ಲ. ಹಂಟಿಂಗ್ಟನ್ ಕಾಯಿಲೆ ಶುರುವಾಗಿತ್ತು. ಆಗ ನ್ಯಾನ್ಸಿಗೆ ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ತನಗೂ ಬರಬಹುದು ಎಂದು ಗೊತ್ತಾದ ಮೇಲೂ ಅವರು ಕೈಕಟ್ಟಿ ಕೂರಲಿಲ್ಲ. ವೆನೆಜುವೆಲಾದ ಮರಕೈಬೋ ಸರೋವರದ ದಡದ ಹಳ್ಳಿಗಳಲ್ಲಿ ಈ ಕಾಯಿಲೆ ಬಹಳ ಜನರಿಗಿತ್ತು. 1979ರಿಂದ ಅವರು ಅಲ್ಲಿಗೆ ಹೋಗತೊಡಗಿದರು. ಇಪ್ಪತ್ತು ವರ್ಷಗಳಲ್ಲಿ ಅವರ ತಂಡ 18,000ಕ್ಕೂ ಹೆಚ್ಚು ಜನರ ವಂಶವೃಕ್ಷ ಬರೆದು, 4,000ಕ್ಕೂ ಹೆಚ್ಚು ರಕ್ತದ ಮಾದರಿ ಸಂಗ್ರಹಿಸಿತು. ಅದರ ಬಲದಿಂದ 1983ರಲ್ಲಿ, ದೋಷವಿರುವ ಜೀನ್ ನಾಲ್ಕನೇ ವರ್ಣತಂತುವಿನಲ್ಲಿದೆ ಎಂದು ತಿಳಿಯಿತು. ಜೀನ್ ಕೈಗೆ ಸಿಕ್ಕಿದ್ದು ಮತ್ತೆ ಹತ್ತು ವರ್ಷದ ಮೇಲೆ, 1993ರಲ್ಲಿ. 2020ರಲ್ಲಿ ನ್ಯಾನ್ಸಿ ತಮಗೂ ಕಾಯಿಲೆ ಬಂದಿರುವುದನ್ನು ಬಹಿರಂಗವಾಗಿ ಹೇಳಿದರು.

ಜೀನ್‌ನಲ್ಲಿದ್ದ ದೋಷವೇನು? ಡಿಎನ್‌ಎ ಬರಹದಲ್ಲಿ ಸಿ, ಎ, ಜಿ ಎಂಬ ಮೂರು ಅಕ್ಷರಗಳು ಆ ಜಾಗದಲ್ಲಿ ಸಾಲಾಗಿ ಮತ್ತೆ ಮತ್ತೆ ಬರುತ್ತವೆ. ಎಲ್ಲರಲ್ಲೂ ಬರುತ್ತವೆ. 26 ಸಲದವರೆಗೆ ಇದ್ದರೆ ಏನೂ ತೊಂದರೆಯಿಲ್ಲ. 40 ಅಥವಾ ಅದಕ್ಕಿಂತ ಹೆಚ್ಚು ಸಲ ಬಂದಿದ್ದರೆ ಒಂದಲ್ಲ ಒಂದು ದಿನ ಕಾಯಿಲೆ ಬರುತ್ತದೆ. ಕಾಪಿ ಬರೆಯುವಾಗ ಗಮನ ತಪ್ಪಿ ಒಂದೇ ಪದವನ್ನು ಮತ್ತೆ ಮತ್ತೆ ಬರೆದುಬಿಟ್ಟ ಹಾಗೆ. ಆಗ ತಯಾರಾಗುವ ಹಂಟಿಂಗ್ಟಿನ್ ಎಂಬ ಪ್ರೋಟೀನ್ ಬೇಕಾದ್ದಕ್ಕಿಂತ ಉದ್ದವಾಗಿ, ನರಕೋಶದೊಳಗೆ ಗಂಟುಗಟ್ಟುತ್ತದೆ.

ಎರಡು ಕತೆ ಒಂದಾದ ಜಾಗ

ಒಂದು ಕಡೆ ಸೌದಿಯ ಮಕ್ಕಳ ಕಾಯಿಲೆ, ದುರ್ಬಲ ಗುಣ, ವಿಟಮಿನ್ ಕೊಟ್ಟರೆ ಚೇತರಿಕೆ. ಇನ್ನೊಂದು ಕಡೆ ಹಂಟಿಂಗ್ಟನ್ ಕಾಯಿಲೆ, ಪ್ರಬಲ ಗುಣ, ತಡೆಯುವ ಔಷಧಿ ಇಲ್ಲ. ಜೀನ್ ಬೇರೆ, ವಯಸ್ಸು ಬೇರೆ. ಇಬ್ಬರಲ್ಲೂ ಕೆಡುವ ಜಾಗ ಮಾತ್ರ ಒಂದೇ.

2021ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ನ ಸೆವೆರೊ ಓಚೋವಾ ಕೇಂದ್ರದ ಹೋಸೆ ಲೂಕಾಸ್ ಅವರ ತಂಡ ಇವೆರಡರ ನಡುವಿನ ಕೊಂಡಿಯನ್ನು ಪ್ರಕಟಿಸಿತು. ಅರ್ಥಮಾಡಿಕೊಳ್ಳಲು ನಮಗೆ ಗಾಳಿಪಟ ಬೇಕು.

ಜೀನ್‌ನಲ್ಲಿರುವ ಮಾಹಿತಿಯ ಒಂದು ಪ್ರತಿ ಆರ್‌ಎನ್‌ಎ ರೂಪದಲ್ಲಿ ಹೊರಬರುತ್ತದೆ, ಅದನ್ನು ಓದಿ ಕೋಶವು ಪ್ರೋಟೀನ್ ತಯಾರಿಸುತ್ತದೆ ಎಂದು ನೀವು ಓದಿದ್ದೀರಿ. ಆ ಆರ್‌ಎನ್‌ಎ ಕೊನೆಯಲ್ಲಿ ಎ ಎ ಎ ಎ ಎಂಬ ಅಕ್ಷರಗಳ ಒಂದು ಬಾಲ ಇರುತ್ತದೆ. ಗಾಳಿಪಟದ ಬಾಲಂಗೋಚಿ ಇದ್ದ ಹಾಗೆ ಅಂದುಕೊಳ್ಳಿ. ಬಾಲಂಗೋಚಿ ತುಂಡಾದರೆ ಪಟ ಗಿರಗಿರ ಸುತ್ತಿ ಕೆಳಗೆ ಬೀಳುತ್ತದೆ. ಆರ್‌ಎನ್‌ಎ ಬಾಲ ಮೊಟಕಾದರೂ ಹಾಗೆಯೇ, ಅದರಿಂದ ತಯಾರಾಗುವ ಪ್ರೋಟೀನ್ ಕಡಿಮೆಯಾಗುತ್ತದೆ. ಈ ಬಾಲವನ್ನು ಉದ್ದ ಮಾಡುವ, ಕತ್ತರಿಸುವ ಕೆಲಸ ಸಿಪಿಇಬಿ ಎಂಬ ಗುಂಪಿನ ಪ್ರೋಟೀನ್‌ಗಳದು. ಹಂಟಿಂಗ್ಟನ್ ರೋಗಿಗಳ ಸ್ಟ್ರಯೇಟಮ್‌ನಲ್ಲಿ ಈ ಗುಂಪಿನ ಒಂದನೆಯದು ಹೆಚ್ಚಾಗಿತ್ತು, ನಾಲ್ಕನೆಯದು ಕಡಿಮೆಯಾಗಿತ್ತು. ಅದೇ ಕಾಯಿಲೆಯ ಇಲಿಗಳಲ್ಲೂ ಹಾಗೆಯೇ. ಆರ್‌ಎನ್‌ಎಗಳಲ್ಲಿ ಶೇಕಡಾ 17ರಷ್ಟರ ಬಾಲದ ಉದ್ದವೇ ಏರುಪೇರಾಗಿತ್ತು.

ಬಾಲ ಮೊಟಕಾದ ಜೀನ್‌ಗಳ ಪಟ್ಟಿಯನ್ನು ನೋಡುತ್ತಾ ಹೋದರೆ ಅದರಲ್ಲಿ ಒಂದು ಪರಿಚಿತ ಹೆಸರು! ಎಸ್‌ಎಲ್‌ಸಿ19ಎ3. ಅದೇ ತೂಬು. ಸೌದಿಯ ಮಕ್ಕಳಲ್ಲಿ ಆ ಜೀನೇ ಕೆಟ್ಟಿತ್ತು. ಹಂಟಿಂಗ್ಟನ್ ಕಾಯಿಲೆಯಲ್ಲಿ ಆ ಜೀನ್ ಸರಿಯಾಗಿಯೇ ಇದೆ, ಅದರ ಸಂದೇಶದ ಬಾಲಂಗೋಚಿ ತುಂಡಾಗಿದೆ. ಪರಿಣಾಮ ಮಾತ್ರ ಒಂದೇ ತರಹ: ತೂಬಿನ ಪ್ರೋಟೀನ್ ಕಡಿಮೆ. ಪರೀಕ್ಷಿಸಿದಾಗ ರೋಗಿಗಳ ಮಿದುಳಿನ ದ್ರವದಲ್ಲಿ ಥಯಾಮಿನ್ ಕಡಿಮೆಯಿತ್ತು. ಸ್ಟ್ರಯೇಟಮ್‌ನಲ್ಲಿ ಥಯಾಮಿನ್ ಪೈರೋಫಾಸ್ಫೇಟ್ ಕಡಿಮೆಯಿತ್ತು. ಎಂದರೆ ಕಡ್ಡಿ ಗೀರುವವರು ಸಾಲದಾಗಿದ್ದರು.

ತಂಡ ಅಲ್ಲಿಗೇ ನಿಲ್ಲಲಿಲ್ಲ. ಹಂಟಿಂಗ್ಟನ್ ಕಾಯಿಲೆಯ ಇಲಿಗಳಿಗೆ ಥಯಾಮಿನ್ ಮತ್ತು ಬಯೋಟಿನ್ ಅನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರು. ಮಿದುಳಿನಲ್ಲಿ ಕೊರತೆ ಉಂಟಾಗಲಿಲ್ಲ. ಮಿದುಳಿನ ಹಾನಿ ಕಡಿಮೆಯಾಯಿತು, ಇಲಿಗಳ ಚಲನೆಯೂ ಸುಧಾರಿಸಿತು. ಕಾಯಿಲೆ ಮಾಯವಾಯಿತು ಎಂದಲ್ಲ, ಅದರ ತೀವ್ರತೆ ತಗ್ಗಿತು.

ಇಲಿಯಿಂದ ಮನುಷ್ಯನಿಗೆ ಎಷ್ಟು ದೂರ?

ಬಹಳ ದೂರ. ಇದನ್ನು ಮರೆಯಬೇಡಿ. ಹಂಟಿಂಗ್ಟನ್ ಕಾಯಿಲೆಯ ಇಲಿಗಳಿಗೆ ಕ್ರಿಯಾಟಿನ್ ಕೊಟ್ಟಾಗ ಒಳ್ಳೆಯದಾಗಿತ್ತು, ಕೋಎನ್‌ಜೈಮ್ ಕ್ಯೂ10 ಕೊಟ್ಟಾಗಲೂ ಒಳ್ಳೆಯದಾಗಿತ್ತು. ಎಲ್ಲರಿಗೂ ಆಸೆ ಹುಟ್ಟಿತು. ಆದರೆ ನೂರಾರು ರೋಗಿಗಳ ಮೇಲೆ ದೊಡ್ಡ ಪ್ರಯೋಗ ಮಾಡಿ ನೋಡಿದಾಗ ಉಪಯೋಗ ಕಾಣಲಿಲ್ಲ. ಎರಡೂ ಪ್ರಯೋಗಗಳನ್ನು 2014ರಲ್ಲಿ ನಿಲ್ಲಿಸಬೇಕಾಯಿತು.

ಇಲಿ ಎರಡು ಮೂರು ವರ್ಷ ಬದುಕುವ ಪ್ರಾಣಿ. ಮನುಷ್ಯನಲ್ಲಿ ಈ ಹಾನಿ ಹತ್ತಾರು ವರ್ಷಗಳ ಕಾಲ ನಿಧಾನವಾಗಿ ನಡೆಯುತ್ತದೆ. ಅಲ್ಲದೆ ಉದ್ದವಾದ ಹಂಟಿಂಗ್ಟಿನ್ ಪ್ರೋಟೀನ್ ಮಾಡುವ ಅನಾಹುತ ಒಂದೆರಡಲ್ಲ. ತೂಬು ಮುಚ್ಚುವುದು ಅವುಗಳಲ್ಲಿ ಒಂದು. ಅದನ್ನು ಸರಿಪಡಿಸಿದರೂ ಮಿಕ್ಕವು ಉಳಿದುಕೊಳ್ಳುತ್ತವೆ.

ಆದ್ದರಿಂದಲೇ ಸ್ಪೇನಿನಲ್ಲಿ ಹಂಟಿಂಗ್ಟನ್ ರೋಗಿಗಳಿಗೆ ಈ ಎರಡು ವಿಟಮಿನ್‌ಗಳನ್ನು ಕೊಟ್ಟು ನೋಡುವ ಪ್ರಯೋಗವನ್ನು 'ಹಂಟಿಯಾಮ್' ಎಂಬ ಹೆಸರಿನಲ್ಲಿ ಕೈಗೊಂಡರು. ಇಂತಹ ಪ್ರಯೋಗದಲ್ಲಿ ಮೊದಲು ಕೇಳುವ ಪ್ರಶ್ನೆ "ಗುಣವಾಯಿತೇ?" ಎಂದಲ್ಲ, "ಇಷ್ಟು ಪ್ರಮಾಣವನ್ನು ದೇಹ ತಾಳಿಕೊಳ್ಳುತ್ತದೆಯೇ?" ಎಂದು. ಗುಣದ ಪ್ರಶ್ನೆಗೆ ಹೆಚ್ಚು ರೋಗಿಗಳು, ಹೆಚ್ಚು ವರ್ಷ, ವಿಟಮಿನ್ ಪಡೆಯದ ಇನ್ನೊಂದು ಗುಂಪಿನ ಜೊತೆ ಹೋಲಿಕೆ, ಎಲ್ಲವೂ ಬೇಕು. ಐಕ್‌ಮನ್ ಕೂಡ ಕೋಳಿಗಳನ್ನು ನೋಡಿದ ತಕ್ಷಣ ಮನುಷ್ಯರ ಬಗ್ಗೆ ತೀರ್ಮಾನ ಹೇಳಲಿಲ್ಲ. ಅವರ ಸ್ನೇಹಿತ ಫೋರ್ಡರ್‌ಮನ್ ಜಾವಾದ ನೂರಕ್ಕೂ ಹೆಚ್ಚು ಜೈಲುಗಳಲ್ಲಿ ಯಾರಿಗೆ ಯಾವ ಅಕ್ಕಿ, ಎಲ್ಲಿ ಎಷ್ಟು ಬೆರಿಬೆರಿ ಎಂದು ಲೆಕ್ಕ ಹಾಕಿದ ಮೇಲೆಯೇ ಆ ಮಾತಿಗೆ ತೂಕ ಬಂದದ್ದು.

ಮನೆಯಲ್ಲಿ ಹೇಳಬೇಕಾದ ಮೂರು ಮಾತು

ಒಂದನೆಯದು. ಈ ಲೇಖನ ಓದಿ ಯಾರೂ ಅಂಗಡಿಯಿಂದ ವಿಟಮಿನ್ ಮಾತ್ರೆ ತಂದು ನುಂಗಬೇಡಿ, ಮನೆಯವರಿಗೂ ಕೊಡಬೇಡಿ. ಇಲ್ಲಿ ಹೇಳಿದ ಪ್ರಮಾಣ ವೈದ್ಯರು ಕೊಡುವ ಔಷಧಿಯ ಪ್ರಮಾಣ. ಬಯೋಟಿನ್ ಹೆಚ್ಚು ತೆಗೆದುಕೊಂಡರೆ ಥೈರಾಯ್ಡ್, ಹೃದಯಾಘಾತ ಮುಂತಾದವನ್ನು ಪತ್ತೆ ಮಾಡುವ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದು. ಕೈ ನಡುಗುವುದಕ್ಕೆ ಹತ್ತಾರು ಕಾರಣಗಳಿವೆ. ಕಾರಣ ಹುಡುಕುವುದು ವೈದ್ಯರ ಕೆಲಸ. ಆರೋಗ್ಯವಾಗಿರುವ ನಮಗೆ ಜೋಳ, ಸಜ್ಜೆ, ರಾಗಿ, ಕುಚ್ಚಲಕ್ಕಿ, ಹೆಸರುಕಾಳು, ಕಡಲೆ, ಶೇಂಗಾ ಇವುಗಳಿಂದ ಸಿಗುವ ಥಯಾಮಿನ್ ಸಾಕು. ಸೊಲ್ಲಾಪುರದವರ ಜೋಳದ ರೊಟ್ಟಿ ಶೇಂಗಾ ಚಟ್ನಿ, ಹೊಸೂರಿನವರ ಮುದ್ದೆ ಹುರುಳಿಸಾರು ಯಾವ ಮಾತ್ರೆಗೂ ಕಡಿಮೆಯಲ್ಲ.

ಎರಡನೆಯದು. ಜ್ವರ ಬಂದ ಮಗು ಇದ್ದಕ್ಕಿದ್ದಂತೆ ಮಾತು ತೊದಲಿದರೆ, ಕೈಕಾಲು ಸೆಟೆದರೆ, ಮಂಕಾದರೆ "ಗಾಳಿ ಸೋಕಿದೆ" ಎಂದು ಮಂತ್ರ ಹಾಕಿಸುತ್ತಾ ಕೂರಬಾರದು. ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ನಾವು ಓದಿದ ಕಾಯಿಲೆಯಲ್ಲಿ ಬೇಗ ಬಂದ ಮಗುವಿಗೂ ತಡವಾಗಿ ಬಂದ ಮಗುವಿಗೂ ಇರುವ ವ್ಯತ್ಯಾಸ, ಮತ್ತೆ ಶಾಲೆಗೆ ಹೋಗುವುದಕ್ಕೂ ಜೀವನಪೂರ್ತಿ ಹಾಸಿಗೆ ಹಿಡಿಯುವುದಕ್ಕೂ ಇರುವ ವ್ಯತ್ಯಾಸ.

ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದು. ಬಸ್‌ಸ್ಟ್ಯಾಂಡಿನಲ್ಲೋ ಸಂತೆಯಲ್ಲೋ ಮೈ ತಿರುಚುತ್ತಾ, ತೂರಾಡುತ್ತಾ ನಡೆಯುವವರನ್ನು ನೀವು ನೋಡಿರುತ್ತೀರಿ. ಕೆಲವರು ನಗುತ್ತಾರೆ, ಕೆಲವರು ಅವರಂತೆಯೇ ನಡೆದು ತೋರಿಸುತ್ತಾರೆ, "ಕುಡುಕ" ಎಂದು ಬೈಯುತ್ತಾರೆ. ನ್ಯಾನ್ಸಿಯ ತಾಯಿಗೆ ಆದದ್ದೂ ಅದೇ. ಸ್ಟ್ರಯೇಟಮ್ ಏನೆಂದು ಈಗ ನಿಮಗೆ ಗೊತ್ತಿದೆ. ಗೊತ್ತಿರುವವರು ನಗಬಾರದು. ಹತ್ತಿರ ಹೋಗಿ "ರಸ್ತೆ ದಾಟಿಸಲಾ?" ಎಂದು ಕೇಳಿ. ಅಷ್ಟು ಸಾಕು.

ಮತ್ತೆ ಹಣೆಬರಹದ ಮಾತಿಗೆ ಬರೋಣ. ಸೌದಿಯ ಮಕ್ಕಳ ಜೀನ್ ಇವತ್ತಿಗೂ ಹಾಗೆಯೇ ಇದೆ, ಅದನ್ನು ಯಾರೂ ತಿದ್ದಿಲ್ಲ. ಆದರೂ ಬೇಗ ಚಿಕಿತ್ಸೆ ಸಿಕ್ಕ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ಜೀನ್ ಕೆಟ್ಟರೆ ತೂಬು ಮುಚ್ಚುತ್ತದೆ, ನಿಜ. ಆದರೆ ಪೈರು ಯಾಕೆ ಬಾಡುತ್ತಿದೆ ಎಂದು ಏರಿಯವರೆಗೆ ನಡೆದುಹೋಗಿ ನೋಡಿದವರಿಗೆ ಕೋಡಿಯ ದಾರಿ ಕಂಡಿತು. ಹಂಟಿಂಗ್ಟನ್ ಕಾಯಿಲೆಗೂ ಅಂತಹ ದಾರಿ ಇದೆಯೇ ಎಂಬ ಹುಡುಕಾಟ ಇನ್ನೂ ಮುಗಿದಿಲ್ಲ. ನಿಮ್ಮಲ್ಲಿ ಯಾರಾದರೂ ಆ ಹುಡುಕಾಟಕ್ಕೆ ಸೇರಬಾರದೇಕೆ?

ನೀವೇ ಮಾಡಿ ನೋಡಿ

1. ಒಂದು ನಾಣ್ಯ ತೆಗೆದುಕೊಳ್ಳಿ. ಹಂಟಿಂಗ್ಟನ್ ಜೀನ್ ಇರುವ ತಂದೆಗೆ ನಾಲ್ಕು ಮಕ್ಕಳು ಎಂದುಕೊಳ್ಳಿ. ನಾಲ್ಕು ಸಲ ಚಿಮ್ಮಿ, ತಲೆ ಬಿದ್ದರೆ ಜೀನ್ ಬಂತು ಎಂದು ಬರೆಯಿರಿ. ಹೀಗೆ 20 ಕುಟುಂಬಗಳಿಗೆ ಮಾಡಿ. ಎಷ್ಟು ಕುಟುಂಬಗಳಲ್ಲಿ ಸರಿಯಾಗಿ ಇಬ್ಬರಿಗೇ ಬಂತು? ಒಬ್ಬರಿಗೂ ಬಾರದ ಕುಟುಂಬ ಇದೆಯೇ? ನಾಲ್ವರಿಗೂ ಬಂದದ್ದು? "ಎರಡರಲ್ಲಿ ಒಂದು" ಎಂಬ ಮಾತಿನ ಅರ್ಥ ಆಗ ನಿಮಗೇ ತಿಳಿಯುತ್ತದೆ.

2. ಈಗ ಎರಡು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿ. ಎರಡೂ ತಲೆ ಬಿದ್ದರೆ ಮಾತ್ರ ಕಾಯಿಲೆ. ಇದು ಯಾವ ಕಾಯಿಲೆಯ ಲೆಕ್ಕ?

3. ನಿಮ್ಮ ಮನೆಯಲ್ಲಿ, ಅಕ್ಕಪಕ್ಕದ ನಾಲ್ಕು ಮನೆಗಳಲ್ಲಿ ಯಾವ ಅಕ್ಕಿ ಬಳಸುತ್ತಾರೆ, ಎಷ್ಟು ಸಲ ತೊಳೆಯುತ್ತಾರೆ, ಗಂಜಿ ತಿಳಿಯನ್ನು ಏನು ಮಾಡುತ್ತಾರೆ ಎಂದು ಕೇಳಿ ಪಟ್ಟಿ ಮಾಡಿ. ಅಜ್ಜಿಯ ಕಾಲದಲ್ಲಿ ಹೇಗಿತ್ತು ಎಂಬ ಕಾಲಂ ಕೂಡ ಇರಲಿ. ಪಟ್ಟಿಯನ್ನು ನಿಮ್ಮ ವಿಜ್ಞಾನ ಟೀಚರಿಗೆ ತೋರಿಸಿ, ತರಗತಿಯಲ್ಲಿ ಚರ್ಚೆ ಮಾಡಿ.